ಉದ್ದಕ್ಕೆ 8, ಅಗಲಕ್ಕೆ 6

18 ಇಂಚು ಉದ್ದ, 13 ಇಂಚು ಅಗಲದ ತಟ್ಟೆಯಲ್ಲಿ ಬೇಯಿಸಿದ ಕೇಕನ್ನು 48 ಜನಕ್ಕೆ ಹಂಚಬೇಕಾದರೆ ಉದ್ದಕ್ಕೆ 8 ಭಾಗ, ಅಗಲಕ್ಕೆ 6 ಭಾಗ ಮಾಡಬೇಕು. ಒಂದೊಂದು ತುಂಡು ಎರಡು ಇಂಚಿಗೆ ಸ್ವಲ್ಪ ಮೇಲೆ ಬರುತ್ತದೆ. ಅಂಥ ಮೂರು ತಟ್ಟೆಗೆ 144 ತುಂಡು. ಒಂದು ಹೈಸ್ಕೂಲಿನ ಹತ್ತನೇ ತರಗತಿಯವರು, ಅವರನ್ನು ಬೀಳ್ಕೊಡುವ ಒಂಬತ್ತನೇ ತರಗತಿಯವರು, ಮೇಷ್ಟ್ರುಗಳು, ಗುಮಾಸ್ತರು, ಜವಾನರು ಎಲ್ಲರಿಗೂ ಕೊಟ್ಟು ಏಳೆಂಟು ಮಿಗುತ್ತದೆ. ಈ ಲೆಕ್ಕ ಕೈಗೆ ಹತ್ತಲು ನನಗೆ ಆರು ವರ್ಷ ಬೇಕಾಯಿತು.

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಈ ನಾಲ್ಕು ತಾಲ್ಲೂಕು ಸೇರಿದರೆ ನಮ್ಮ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. 1988ರಲ್ಲಿ ಕೆಲಸಕ್ಕೆ ಸೇರಿದವಳು 2021ರಲ್ಲಿ ನಿವೃತ್ತಿಯಾಗುವ ತನಕ ಈ ನಾಲ್ಕು ತಾಲ್ಲೂಕು ಬಿಟ್ಟು ಹೊರಗೆ ಹೋಗಲಿಲ್ಲ. ಹೇಳಿಕೊಟ್ಟದ್ದು ವಿಜ್ಞಾನ. ಎಷ್ಟೋ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಬೀಳ್ಕೊಡುಗೆಯ ದಿನ ಚಾಕೊಲೇಟ್ ಕೇಕು ಮಾಡಿದ್ದು ಮಾತ್ರ ನನ್ನ ಸ್ವಂತ ಹಟ.

ಶುರುವಾದದ್ದು ಪಾವಗಡ ತಾಲ್ಲೂಕಿನ ತಿರುಮಣಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ, 1994ರ ಫೆಬ್ರವರಿಯಲ್ಲಿ. ಅಡುಗೆ ಸೋಡಾಕ್ಕೆ ನಿಂಬೆ ರಸ ಹಾಕಿದರೆ ಬರುವ ಅನಿಲವನ್ನು ಸುಣ್ಣದ ತಿಳಿನೀರಿಗೆ ಬಿಟ್ಟು, ತಿಳಿ ಹಾಲಿನಂತೆ ಬೆಳ್ಳಗಾಗುವುದನ್ನು ತೋರಿಸುತ್ತಿದ್ದೆ. ಮುಂದಿನ ಸಾಲಿನ ಒಬ್ಬ ಹುಡುಗಿ ಕೇಳಿದಳು: "ಮಿಸ್, ಬೇಕರಿ ಕೇಕು ಉಬ್ಬೋದೂ ಇದೇ ಗಾಳಿಯಿಂದಾನಾ?" ಹೌದು ಅಂದೆ. "ನಾವು ಯಾರೂ ತಿಂದಿಲ್ಲ ಮಿಸ್," ಅಂದಳು. ದೂರು ಹೇಳುವ ದನಿ ಅದರಲ್ಲಿ ಇರಲಿಲ್ಲ, ಇದ್ದದ್ದನ್ನು ಹೇಳಿದಳು. ಪಾವಗಡ ಪೇಟೆಯ ಬೇಕರಿಯ ಗಾಜಿನ ಹಿಂದೆ ಗುಲಾಬಿ ಹೂವು ಬಿಡಿಸಿದ ಕೇಕು ಇಟ್ಟಿರುತ್ತಿದ್ದರು. ಅದು ಹುಟ್ಟಿದಹಬ್ಬಕ್ಕೆ. ನಮ್ಮ ದಾಖಲಾತಿ ರಿಜಿಸ್ಟರಿನಲ್ಲಿ ಎಷ್ಟೋ ಮಕ್ಕಳ ಹುಟ್ಟಿದ ದಿನ ಜೂನ್ 1 ಎಂದಿತ್ತು. ಒಂದನೇ ತರಗತಿಗೆ ಸೇರಿಸುವಾಗ ಮನೆಯವರಿಗೆ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರು ಬರೆದುಕೊಳ್ಳುತ್ತಿದ್ದದ್ದೇ ಅದು. ಹುಟ್ಟಿದ ದಿನವೇ ಗೊತ್ತಿಲ್ಲದ ಮೇಲೆ ಕೇಕು ಎಲ್ಲಿಂದ ಬರಬೇಕು?

ಬೀಳ್ಕೊಡುಗೆ ಅಂದರೆ ಆಗ ಒಂದು ಹಿಡಿ ಖಾರ, ಒಂದು ತುಂಡು ಮೈಸೂರು ಪಾಕು, ಬಾಳೆಹಣ್ಣು, ಒಂದು ಗ್ರೂಪ್ ಫೋಟೊ. ಈ ಸಲ ಮೈಸೂರು ಪಾಕಿನ ಬದಲು ಕೇಕು ಮಾಡಿಕೊಡುತ್ತೇನೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಬಿಟ್ಟೆ.

ಮಾಡುವ ವಿಧಾನ ನನ್ನ ಹತ್ತಿರ ಇತ್ತು. ಅಮೆರಿಕದಲ್ಲಿದ್ದ ಚಿಕ್ಕಮ್ಮನ ಮಗಳು ಏರೋಗ್ರಾಂನಲ್ಲಿ ಬರೆದು ಕಳಿಸಿದ್ದಳು. ಮೊಟ್ಟೆ ಇಲ್ಲ, ಬೆಣ್ಣೆ ಇಲ್ಲ, ಹಾಲೂ ಇಲ್ಲ. ಮೈದಾ, ಸಕ್ಕರೆ, ಕೋಕೋ ಪುಡಿ, ಸೋಡಾ, ಚಿಟಿಕೆ ಉಪ್ಪು, ಎಣ್ಣೆ, ವಿನೆಗರ್, ನೀರು ಅಷ್ಟೇ. ಅಲ್ಲಿ 1930ರ ದಶಕದ ಮುಗ್ಗಟ್ಟಿನಲ್ಲೂ ಎರಡನೇ ಮಹಾಯುದ್ಧದ ರೇಷನ್ ಕಾಲದಲ್ಲೂ ಮನೆಮನೆಯಲ್ಲಿ ಮಾಡುತ್ತಿದ್ದ ಕೇಕಂತೆ. ಮೊಟ್ಟೆ ತಿನ್ನದ ಮಕ್ಕಳೂ ಶಾಲೆಯಲ್ಲಿದ್ದರು. ಎಲ್ಲರೂ ತಿನ್ನುವಂಥದ್ದು ಬೇಕಿತ್ತು, ಹಾಗಾಗಿ ಆ ಕಾಗದ ಹೇಳಿ ಮಾಡಿಸಿದ ಹಾಗಿತ್ತು. ವಿನೆಗರ್ ನಮ್ಮೂರಲ್ಲಿ ಸಿಗುತ್ತಿರಲಿಲ್ಲ, ನಿಂಬೆಹಣ್ಣು ಬುಟ್ಟಿಗಟ್ಟಲೆ ಸಿಗುತ್ತಿತ್ತು. ಎಣ್ಣೆಗೆ ಯೋಚನೆಯೇ ಇಲ್ಲ, ಸುತ್ತ ಕಡ್ಲೆಕಾಯಿ ಹೊಲ. ಸಾಮಾನಿನಲ್ಲಿ ದೂರದಿಂದ ಬಂದದ್ದು ಕೋಕೋ ಪುಡಿ ಒಂದೇ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಾರೆ, 1986ರಲ್ಲಿ ಕ್ಯಾಂಪ್ಕೊ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆದಿತ್ತು. ಆದರೂ ಒಂದು ಡಬ್ಬಿ ಕೋಕೋ ಪುಡಿಗೆ ನಾನು ಬೆಂಗಳೂರಿಗೆ ಹೋಗಬೇಕಾಯಿತು. ಪಾವಗಡದ ದಿನಸಿ ಅಂಗಡಿಯಲ್ಲಿ ಕೇಳಿದರೆ ಬೋರ್ನ್‌ವಿಟಾ ಕೊಡಲಾ ಅನ್ನುತ್ತಿದ್ದರು.

ಓವನ್ ಅಂದರೆ ನನ್ನ ಮದುವೆಗೆ ಉಡುಗೊರೆ ಬಂದ ಅಲ್ಯೂಮಿನಿಯಂನ ದುಂಡು ಓವನ್. ಮುಚ್ಚಳದ ನಡುವೆ ಅಂಗೈಯಗಲದ ಗಾಜು, ಒಳಗೆ ಕಾಯಿಲ್. ಆ ಕಾಲದ ಬಹಳ ಮನೆಗಳಲ್ಲಿ ಅಟ್ಟದ ಮೇಲೆ ಇರುತ್ತಿದ್ದ ಸಾಮಾನು. ಒಂದು ಸಲಕ್ಕೆ ಒಂದೇ ಕೇಕು, ಅದರಿಂದ ಹದಿನೆಂಟು ಇಪ್ಪತ್ತು ತುಂಡು. ನಮ್ಮ ಲೆಕ್ಕಕ್ಕೆ ಆರು ಕೇಕು ಬೇಕು. ಸಾಯಂಕಾಲ ಆರಕ್ಕೆ ಶುರುಮಾಡಿದರೆ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ ಅಂತ ಅಂದುಕೊಂಡು, ಆರು ಕೇಕಿಗೂ ಒಟ್ಟಿಗೇ ಹಿಟ್ಟು ಕಲೆಸಿಟ್ಟೆ.

ತಪ್ಪು ಅಲ್ಲೇ ಆಯಿತು. ಸೋಡಾಕ್ಕೆ ನಿಂಬೆ ರಸ ತಾಗಿದ ಕ್ಷಣದಿಂದ ಗಾಳಿ ಹುಟ್ಟಲು ಶುರು. ಆ ಗಾಳಿ ಹಿಟ್ಟಿನೊಳಗೆ ಇರುವಾಗಲೇ ಬಿಸಿ ತಾಗಿ ಗೋಡೆ ಕಟ್ಟಿಕೊಳ್ಳಬೇಕು. ಬೇಯಿಸದೆ ಇಟ್ಟಷ್ಟೂ ಗಾಳಿ ಹೋಗುತ್ತದೆ. ಕ್ಲಾಸಿನಲ್ಲಿ ಇದನ್ನೇ ಹೇಳಿಕೊಟ್ಟವಳು ಮನೆಯ ಪಾತ್ರೆಯ ಮುಂದೆ ಮರೆತೆ. ಮೊದಲನೇ ಕೇಕು ಚೆನ್ನಾಗಿ ಉಬ್ಬಿತು. ಎರಡನೆಯದು ಅರ್ಧ ಬೆರಳು ಗಿಡ್ಡ. ಮೂರನೆಯದು ಇನ್ನೂ ಗಿಡ್ಡ. ನಾಲ್ಕನೆಯದು ಒಳಗೆ ಹೋಗಿ ಇಪ್ಪತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಗಾಜಿನ ಮೂಲಕ ಟಾರ್ಚ್ ಬಿಟ್ಟು ನೋಡುತ್ತಾ ನಿಂತೆ. ಉಬ್ಬಿದ್ದ ನಡುಭಾಗ ನಿಧಾನಕ್ಕೆ ಇಳಿದು, ಮೇಲೆ ಸಣ್ಣ ಸುಕ್ಕು ಬಿದ್ದು, ಕೊನೆಗೆ ತಟ್ಟೆಯಂತೆ ತಗ್ಗಾಯಿತು. ಅಂಚು ಬೆಂದಿತ್ತು, ನಡುವೆ ಹಸಿ.

ಪಾವಗಡದಲ್ಲಿ ಆಗ ಕರೆಂಟು ಬರುವುದೂ ಹೋಗುವುದೂ ಯಾರ ಕೈಯಲ್ಲೂ ಇರಲಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವ ಒಂದಷ್ಟು ಗಂಟೆ ಬಿಟ್ಟರೆ ಉಳಿದ ಹೊತ್ತು ಬಲ್ಬು ಕೆಂಪಗೆ ಉರಿಯುವಷ್ಟು ವೋಲ್ಟೇಜು. ಬೆಳಗಿನ ಜಾವ ನಾಲ್ಕಕ್ಕೆ ಕರೆಂಟ್ ಬಂದಾಗ ಉಳಿದ ಎರಡು ಕೇಕಿನ ಹಿಟ್ಟು ನೀರಾಗಿ ಕೂತಿತ್ತು. ಬೇಯಿಸಿದೆ. ಅಕ್ಕಿ ರೊಟ್ಟಿಯಷ್ಟು ದಪ್ಪ ಬಂತು.

ಮೇಲಿನ ಐಸಿಂಗಿಗೆ ಸಕ್ಕರೆ ಪುಡಿ ಮಾಡಬೇಕು, ಮಿಕ್ಸಿ ತಿರುಗಲು ಕರೆಂಟಿಲ್ಲ. ಅದು ರಾತ್ರಿಯೇ ಗೊತ್ತಾಗಿತ್ತು. ಮನೆ ಓನರಮ್ಮನ ತಾಯಿ, ನಾವೆಲ್ಲ ಅವ್ವ ಅನ್ನುತ್ತಿದ್ದವರು, ನನ್ನ ಓಡಾಟ ನೋಡಿ ಹನ್ನೊಂದು ಗಂಟೆಗೆ ಎದ್ದು ಬಂದರು. ಆಸುಪಾಸಿನ ಮದುವೆಗಳಿಗೆ ಸಿಹಿ ಮಾಡಿಕೊಡುತ್ತಿದ್ದ ಕೈ ಅದು. ಕೇಕು ಅಂದರೆ ಏನು ಅಂತ ಅವರು ಕೇಳಲೂ ಇಲ್ಲ. "ಮೇಲೆ ಏನು ಬಳೀಬೇಕು?" ಅಂದರು. ಸಕ್ಕರೆ, ಕೋಕೋ, ಬೆಣ್ಣೆ, ಗಟ್ಟಿಯಾಗಿ ಕೂರಬೇಕು, ಕಲ್ಲಾಗಬಾರದು ಅಂದೆ. "ಅದೇನು ಮಹಾ, ಪಾಕ ತಾನೇ?"

ಸೌದೆ ಒಲೆ ಹಚ್ಚಿ, ಹಿತ್ತಾಳೆ ಬೋಗುಣಿಯಲ್ಲಿ ಒಂದು ಕಿಲೋ ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕೂತರು. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು. ಪಾವಗಡದಲ್ಲಿ ಮನೆಮಾತು ತೆಲುಗಾದವರ ಕನ್ನಡ ಹೇಗಿರುತ್ತದೋ ಹಾಗೇ ಅವರದೂ. ಬೆರಳ ಸಂದಿಯಲ್ಲಿ ಎಳೆದು ನೋಡಿ "ಇದು ತೀಗ ಪಾಕಂ, ಸಾಲದು" ಅಂದರು. ಇನ್ನೊಂದಷ್ಟು ಹೊತ್ತಾದ ಮೇಲೆ ಒಂದು ತೊಟ್ಟು ತಣ್ಣೀರಿಗೆ ಬಿಟ್ಟರು. ಅದು ಕರಗದೆ ತಳದಲ್ಲಿ ಕೂತಿತು. ಬೆರಳಲ್ಲಿ ಉರುಳಿಸಿದರೆ ಮೆತ್ತಗೆ ಉಂಡೆಯಾಯಿತು. "ಉಂಡ ಪಾಕಂ. ಇಳಿಸು." ನಾವು ಎಳೆ ಪಾಕ, ಉಂಡೆ ಪಾಕ ಅನ್ನುವುದು ಇದನ್ನೇ. ಬೆಣ್ಣೆಯಲ್ಲಿ ಕಲೆಸಿಟ್ಟ ಕೋಕೋ ಸುರಿದು ಸೌಟಿನಲ್ಲಿ ತಿರುವಲು ಹೇಳಿದರು. ಮೊದಲು ಕನ್ನಡಿಯಂತೆ ಹೊಳೆಯುತ್ತಿತ್ತು. ತಿರುವುತ್ತಾ ತಿರುವುತ್ತಾ ಸೌಟು ಭಾರವಾಯಿತು, ಬಣ್ಣ ಒಂದು ಛಾಯೆ ಮಾಸಿತು. "ಹೊಳಪು ಹೋಗ್ತಿದೆ ನೋಡು, ಈಗಲೇ ಸುರಿ, ಇನ್ನು ನಿಂತರೆ ಬೋಗುಣೀಲೇ ಕೂತ್ಕೊಳ್ಳುತ್ತೆ." ಬೆಂದಿದ್ದ ಮೂರು ಕೇಕಿಗೆ ಸುರಿದೆವು. ಜಾವದಲ್ಲಿ ಉಳಿದವು ಬೆಂದ ಮೇಲೆ ಅವ್ವ ಮತ್ತೊಂದು ಪಾಕ ಎತ್ತಿದರು. ಆ ತಗ್ಗಾದ ನಾಲ್ಕನೆಯದನ್ನು ಮತ್ತೆ ಬೇಯಿಸಿ ಹಸಿ ಹೋಗಿಸಿದ್ದೆ. ಅದರ ಹೊಂಡದಲ್ಲಿ ಪಾಕ ಕೆರೆಯಂತೆ ನಿಂತಿತು.

ಸಮಾರಂಭದಲ್ಲಿ ಹಂಚಿದಾಗ ಆದದ್ದನ್ನು ನಾನು ಮರೆತಿಲ್ಲ. ಮುಂದಿನ ಬೆಂಚಿಗೆ ಎತ್ತರದ ತುಂಡು, ಹಿಂದಿನ ಬೆಂಚಿಗೆ ರೊಟ್ಟಿಯಂಥದ್ದು, ನಡುವಿನ ಬೆಂಚಿಗೆ ಬೆರಳುದ್ದ ಐಸಿಂಗ್ ನಿಂತದ್ದು. ಮಕ್ಕಳು ತುಂಡಿಗೆ ತುಂಡು ಹಿಡಿದು ಅಳತೆ ನೋಡಿದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ನಮ್ಮ ಬೆಂಚಿಗೆ ಚಿಕ್ಕದು ಬಂತು," ಅಂದ. ಹೆಡ್‌ಮಾಸ್ಟರು ಗದರಿಸಿ ಕೂರಿಸಿದರು. ಅವನು ಹೇಳಿದ್ದು ನಿಜ. ಮೂರು ವರ್ಷ ವಿಜ್ಞಾನ ಕೇಳಿ, ಅಳತೆ ಸರಿಯಿಲ್ಲ ಅಂತ ಕಣ್ಣಳತೆಯಲ್ಲಿ ಹೇಳಿದ ಹುಡುಗನಿಗೆ ಗದರಿಕೆ ಸಿಕ್ಕಿತು. ನಾನು ಆವತ್ತು ಸುಮ್ಮನಿದ್ದೆ.

1999ರಲ್ಲಿ ಶಿರಾಕ್ಕೆ ವರ್ಗವಾಯಿತು. ಅಷ್ಟರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು: ನೂರು ಜನಕ್ಕೆ ಸಮನಾಗಿ ಕೊಡಬೇಕಾದರೆ ನೂರು ಜನದ್ದೂ ಒಂದೇ ಹೊತ್ತಿನಲ್ಲಿ ಬೇಯಬೇಕು. ಅಂಥ ಒಲೆ ಇರುವುದು ಬೇಕರಿಯಲ್ಲಿ.

1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಆಮೇಲೆ ಹಾಸನ ಕಡೆಯ ಅಯ್ಯಂಗಾರರು ಕರ್ನಾಟಕದ ಊರೂರಿಗೂ ಬೇಕರಿ ಕೊಂಡೊಯ್ದರು. ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಬೇಕರಿ ಅಂದರೆ ಅಯ್ಯಂಗಾರ್ ಬೇಕರಿ ಅನ್ನುವುದು ಅಲ್ಲಿಂದ ಬಂದ ಮಾತು. ಶಿರಾದಲ್ಲಿ ನಾನು ಹೋದ ಬೇಕರಿಯ ಹಿಂಬದಿಯಲ್ಲಿ ಇಟ್ಟಿಗೆಯ ಸೌದೆ ಒಲೆ ಇತ್ತು. ಯಜಮಾನರು ನನ್ನ ಮಾತು ಪೂರ್ತಿ ಕೇಳಿಸಿಕೊಂಡು, "ರಾತ್ರಿ ಬ್ರೆಡ್ಡು ತೆಗೆದ ಮೇಲೆ ಬನ್ನಿ ಮೇಡಂ, ಒಲೆ ನಿಮಗೇ ಬಿಡ್ತೀನಿ," ಅಂದರು.

ಬ್ರೆಡ್ಡಿಗೆ ಜೋರು ಬಿಸಿ ಬೇಕು, ಕೇಕಿಗೆ ಅದಕ್ಕಿಂತ ಕಡಿಮೆ, 180 ಡಿಗ್ರಿ ಸಾಕು. ಸೌದೆ ಒಲೆಯಲ್ಲಿ ಬೆಂಕಿ ಎಳೆದುಹಾಕಿದ ಮೇಲೆ ಇಟ್ಟಿಗೆಯಲ್ಲಿ ಉಳಿದ ಕಾವು ಮೆಲ್ಲಗೆ ಇಳಿಯುತ್ತಾ ಬರುತ್ತದೆ. ಅದು ಇಳಿಯುವ ಹಾದಿಯಲ್ಲಿ ಮೊದಲು ಬ್ರೆಡ್ಡು, ಆಮೇಲೆ ಬನ್ನು, ಆಮೇಲೆ ಕೇಕು, ಕೊನೆಗೆ ರಸ್ಕು. ಹೊಸ ಸೌದೆ ಒಂದೂ ಹಾಕುವುದು ಬೇಡ. ಅಲ್ಲಿ ಥರ್ಮಾಮೀಟರ್ ಇರಲಿಲ್ಲ. ಒಲೆಯವನು ಒಂದು ಚಿಟಿಕೆ ಮೈದಾ ಒಳಗಿನ ಹಾಸಿನ ಮೇಲೆ ಎರಚಿ ನೋಡುತ್ತಿದ್ದ. ತಕ್ಷಣ ಕಪ್ಪಾದರೆ ಇನ್ನೂ ಕಾಯಬೇಕು. ನಿಧಾನಕ್ಕೆ ಗೋಧಿ ಬಣ್ಣಕ್ಕೆ ತಿರುಗಿದರೆ ಕೇಕು ಇಡಬಹುದು. ಅವನು ಆ ಮೈದಾ ನೋಡುವ ಹೊತ್ತಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಮೂರು ತಟ್ಟೆಗೆ ನಾನು ಗೊತ್ತುಮಾಡಿಕೊಂಡ ಅಳತೆ: ಮೈದಾ ಎರಡೂಕಾಲು ಕಿಲೋ, ಸಕ್ಕರೆ ಎರಡೂವರೆ ಕಿಲೋಗೆ ಸ್ವಲ್ಪ ಕಡಿಮೆ, ಕೋಕೋ 300 ಗ್ರಾಂ, ಸೋಡಾ 60 ಗ್ರಾಂ, ಉಪ್ಪು ಎರಡು ಚಮಚ, ಕಡ್ಲೆಕಾಯಿ ಎಣ್ಣೆ 900 ಮಿಲಿ, ನಿಂಬೆ ರಸ ಹೆಚ್ಚುಕಡಿಮೆ ಒಂದು ಲೋಟ, ನೀರು ಮೂರು ಲೀಟರಿಗೆ ಸ್ವಲ್ಪ ಕಡಿಮೆ. ಒಣ ಸಾಮಾನನ್ನು ಮನೆಯಲ್ಲೇ ಮೂರು ಸಲ ಜರಡಿ ಹಿಡಿದು ಡಬ್ಬಿಗೆ ತುಂಬಿಕೊಳ್ಳುತ್ತಿದ್ದೆ. ಎಣ್ಣೆ, ನೀರು, ನಿಂಬೆ ರಸ ಬೇರೆ ಬೇರೆ. ಒಲೆಯವನು ತಲೆ ಆಡಿಸಿದ ಮೇಲೇ ಎಲ್ಲವನ್ನೂ ಸೇರಿಸುವುದು. ಕಲೆಸಿ, ತಟ್ಟೆಗೆ ಸುರಿದು, ಒಲೆ ಬಾಯಿಗೆ ತಳ್ಳುವಷ್ಟರಲ್ಲಿ ಐದು ನಿಮಿಷ ದಾಟಬಾರದು. ಇಪ್ಪತ್ತೈದು ನಿಮಿಷಕ್ಕೆ ಮೂರೂ ತಟ್ಟೆ ಹೊರಗೆ. ಮೊದಲನೇ ವರ್ಷ ಆ ಮೂರನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಪಕ್ಕಕ್ಕೆ ಬಗ್ಗಿ ಎತ್ತರ ನೋಡಿದೆ. ಗೆರೆ ಎಳೆದ ಹಾಗಿದ್ದವು.

ಎಣ್ಣೆಯ ವಿಷಯಕ್ಕೆ ಮಾತ್ರ ಯಜಮಾನರಿಗೂ ನನಗೂ ಒಪ್ಪಲಿಲ್ಲ. ಬೇಕರಿಯಲ್ಲಿ ವನಸ್ಪತಿ ಬಿಟ್ಟು ಬೇರೆ ಮಾತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಶಿರಾದ ಬೇಸಿಗೆಗೆ ಬೆಣ್ಣೆಯ ಐಸಿಂಗು ಸಂಜೆಯೊಳಗೆ ಜಾರುತ್ತದೆ, ವನಸ್ಪತಿಯದು ನಿಲ್ಲುತ್ತದೆ, ಬೆಲೆಯೂ ಕಡಿಮೆ. ಆದರೆ ತಿಂದ ಮೇಲೆ ಅಂಗುಳಿಗೆ ಮೇಣದಂತೆ ಹತ್ತಿಕೊಳ್ಳುತ್ತದೆ. ಎಣ್ಣೆ ಮಿಲ್ಲುಗಳಿರುವ ಊರಿನಲ್ಲಿ ಕೂತು ನಾನು ಅದನ್ನು ಹಾಕಲಾರೆ ಅಂದೆ. ಮಿಲ್ಲಿನ ಹಸಿ ಕಡ್ಲೆಕಾಯಿ ಎಣ್ಣೆ ಹಾಕಿದ ಕೇಕಿಗೆ ಮೊದಲ ತುತ್ತಿನಲ್ಲಿ ಹುರಿದ ಬೀಜದ ವಾಸನೆ ಬರುತ್ತದೆ, ನಿಜ. ಕೋಕೋ ಜೊತೆ ಅದು ಚೆನ್ನಾಗಿಯೇ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ, ಎಲ್ಲರೂ ಒಪ್ಪುವುದಿಲ್ಲ. ಐಸಿಂಗು ಅವ್ವನ ಪಾಕದ್ದೇ, ಬೆಣ್ಣೆ ಹಾಕಿ. ಪಾಕ ಬಂದು ಕೂತ ಐಸಿಂಗು ಬಿಸಿಲಿಗೆ ಜಾರುವುದಿಲ್ಲ. ಬಿಸಿ ಕೇಕಿನ ಮೇಲೆ ಬಿಸಿ ಪಾಕ ಸುರಿದರೆ ಮೇಲಿನ ಒಂದು ಪದರಕ್ಕೆ ಇಳಿದು ಹಿಡಿದುಕೊಳ್ಳುತ್ತದೆ, ಬಿಡಿಸಲು ಬರುವುದಿಲ್ಲ. ಕೊಯ್ಯುವುದು ಅದು ಪೂರ್ತಿ ಗಟ್ಟಿಯಾಗುವ ಮುಂಚೆ. ತಡಮಾಡಿದರೆ ಮೇಲೆ ಬಿರುಕು ಬೀಳುತ್ತದೆ. ಚಾಕುವಿಗಿಂತ ದಾರ ಮೇಲು. ಇಬ್ಬರು ಎರಡು ಕಡೆ ಬಿಗಿ ಹಿಡಿದು ಒತ್ತಿದರೆ ಗೆರೆ ನೇರ ಬರುತ್ತದೆ. ಎಂಟು ಭಾಗಕ್ಕೆ ಏಳು ಗೆರೆ, ಆರು ಭಾಗಕ್ಕೆ ಐದು ಗೆರೆ.

ಮೊದಲ ವರ್ಷ 134 ಜನ ಇದ್ದರು. ಮಿಕ್ಕ ಹತ್ತು ತುಂಡು ಬೇಕರಿಯ ಹುಡುಗರಿಗೆ ಹೋಯಿತು. ಶಿರಾದಲ್ಲಿದ್ದ ಆರು ವರ್ಷವೂ ಇದೇ ನಡೆಯಿತು. ಯಜಮಾನರು ಒಲೆಗೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಮಧುಗಿರಿಯ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಬೇಕರಿ ಒಲೆ ಸಿಗಲಿಲ್ಲ. ನಾಲ್ಕೈದು ಮಂದಿ ಟೀಚರುಗಳು ಮನೆಮನೆಯಲ್ಲಿ ಕುಕ್ಕರಿನ ತಳಕ್ಕೆ ಜಯಮಂಗಲಿ ಹೊಳೆಯ ಮರಳು ಹರಡಿ, ಗ್ಯಾಸ್ಕೆಟ್ಟು ವೆಯ್ಟು ತೆಗೆದು ಬೇಯಿಸಿ ತಂದೆವು. ಐದು ಮನೆಯ ಕೇಕು ಐದು ಥರ. ಮರಳು ತೊಳೆದು ಒಣಗಿಸಿ ಮತ್ತೆ ಮತ್ತೆ ಬಳಸುತ್ತಿದ್ದೆವು. ಈಗ ಮನೆಯಲ್ಲಿ ಕೇಕು ಮಾಡುವ ಹೆಣ್ಣುಮಕ್ಕಳು ಕುಕ್ಕರಿಗೆ ಪುಡಿ ಉಪ್ಪು ಹಾಕುತ್ತಾರೆ. ಹೊಳೆ ಮರಳನ್ನು ಒಂದು ಬಟ್ಟಲು ಕೂಡ ಸುಲಭಕ್ಕೆ ತರುವ ಹಾಗಿಲ್ಲ, ಮನೆ ಕಟ್ಟುವವರೇ ಎಂ-ಸ್ಯಾಂಡ್ ಹಾಕಿಸುತ್ತಾರೆ. ಕೊರಟಗೆರೆಗೆ ಬರುವ ಹೊತ್ತಿಗೆ ಶಾಲೆಗಳಲ್ಲಿ ಕೇಕು ಹೊಸದಾಗಿರಲಿಲ್ಲ. ಮಕ್ಕಳೇ ಚಂದಾ ಎತ್ತಿ ಬೇಕರಿಯಿಂದ ತರುತ್ತಿದ್ದರು. ನಾನು ಬಿಟ್ಟೆ.

2023ರಲ್ಲಿ ಶಿರಾದ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡರು. ಈಗ ಎಲ್ಲ ಊರಲ್ಲೂ ಇದು ನಡೆಯುತ್ತದೆ. ವಾಟ್ಸಾಪ್ ಗುಂಪು, ಕಲ್ಯಾಣ ಮಂಟಪ, ಶಾಲು, ಹಾರ, ಹಣ್ಣಿನ ಬುಟ್ಟಿ. ಬಹಳ ಪ್ರೀತಿಯಿಂದ ಮಾಡುತ್ತಾರೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ವೇದಿಕೆಯ ಮೇಲೆ ಐದು ಕಿಲೋದ ಕೇಕು ಇಟ್ಟಿದ್ದರು. ಮೇಲೆ ನಮ್ಮ ಆರು ಜನ ಶಿಕ್ಷಕರ ಫೋಟೊ, ತಿನ್ನುವ ಹಾಳೆಯ ಮೇಲೆ ತಿನ್ನುವ ಬಣ್ಣದಲ್ಲಿ ಮುದ್ರಿಸಿ ಅಂಟಿಸಿದ್ದು. ತೀರಿಹೋಗಿದ್ದ ನಮ್ಮ ಕನ್ನಡ ಮೇಷ್ಟ್ರೂ ಅದರಲ್ಲಿದ್ದರು. ಚಾಕು ಕೈಗೆ ಕೊಟ್ಟು "ಮಿಸ್, ನೀವೇ ಕಟ್ ಮಾಡಿ" ಅಂದರು. ನಾನು ಮೂಲೆಯಲ್ಲಿ, ಮುಖವಿಲ್ಲದ ಕಡೆ ಒಂದು ಗೆರೆ ಎಳೆದೆ. ಚಪ್ಪಾಳೆ ಹೊಡೆದರು, ನನ್ನ ಬಾಯಿಗೆ ಒಂದು ತುಂಡು ಇಟ್ಟರು, ಫೋಟೊ ತೆಗೆದರು. ಆಮೇಲೆ ಹುಡುಗರು ಒಬ್ಬರ ಮುಖಕ್ಕೊಬ್ಬರು ಕ್ರೀಮು ಬಳಿದುಕೊಂಡರು. ಊಟದ ಹೊತ್ತಿಗೆ ಹಿಂದಿನ ಕುರ್ಚಿಗಳಲ್ಲಿ ಕೂತಿದ್ದವರಿಗೆ ಕೇಕು ತಲುಪಿತೇ ಅಂತ ಕೇಳಿದೆ. ಕೆಲವರಿಗೆ ಕಾಗದದ ಲೋಟದಲ್ಲಿ ಒಂದಿಷ್ಟು ಬಂದಿತ್ತಂತೆ. ಎಷ್ಟೋ ಜನಕ್ಕೆ ಬಂದಿರಲಿಲ್ಲ. ಅವರಾರೂ ಅದನ್ನು ದೊಡ್ಡದು ಮಾಡಲಿಲ್ಲ. ಊಟ ಚೆನ್ನಾಗಿತ್ತು. ಆದರೆ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಐದು ಕಿಲೋ ಕೇಕು ಅಂದರೆ ನೂರು ತುಂಡಾಗುತ್ತದೆ.

ಹಾಗಾಗಿ ಮರುವರ್ಷ, 2024ರ ಡಿಸೆಂಬರಿನಲ್ಲಿ, ಪಾವಗಡದ ಆ 1994ರ ತಂಡದವರು ಫೋನ್ ಮಾಡಿದಾಗ, ಕೇಕು ನೀವು ತರಬೇಡಿ, ನಾನು ತರುತ್ತೇನೆ ಅಂದೆ. ಎಷ್ಟು ಜನ ಅಂತ ಕೇಳಿದೆ. ಹೆಂಡತಿ ಮಕ್ಕಳು ಸೇರಿ 130 ಅಂದರು. ಮೂರು ತಟ್ಟೆ.

ಮಧುಗಿರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಗಂಡನ ಬೇಕರಿ ಇದೆ. ಸಮಾರಂಭದ ದಿನ ಬೆಳಗಿನ ಜಾವವೇ ಕೊರಟಗೆರೆಯಿಂದ ಸಾಮಾನು ಕಟ್ಟಿಕೊಂಡು ಅಲ್ಲಿಗೆ ಹೋದೆ. ಈಗ ಅಲ್ಲಿ ಸೌದೆ ಇಲ್ಲ. ಎರಡು ಅಂತಸ್ತಿನ ಕರೆಂಟಿನ ಡೆಕ್ ಓವನ್, ಮುಂದೆ ಕೆಂಪು ಅಂಕಿಯಲ್ಲಿ 180 ಅಂತ ತೋರಿಸುತ್ತದೆ. ಮೈದಾ ಎರಚಿ ನೋಡುವ ಕೆಲಸ ಮುಗಿಯಿತು. ಕೆಲಸದ ಹುಡುಗರು ಮೂಟೆಯಿಂದ ಪ್ರೀಮಿಕ್ಸ್ ಅಳೆದು ಎಣ್ಣೆ ನೀರು ಸೇರಿಸುತ್ತಿದ್ದರು. "ಮೊಟ್ಟೆ ಇಲ್ಲದ ಚಾಕೊಲೇಟ್ ಪ್ರೀಮಿಕ್ಸೇ ಇದೆ ಮೇಡಂ, ನಿಮಗ್ಯಾಕೆ ಇಷ್ಟು ಕಷ್ಟ?" ಅಂದ ಒಬ್ಬ. ಅವನ ಕೇಕು ತಿಂದು ನೋಡಿದೆ. ನನ್ನದಕ್ಕಿಂತ ಮೆತ್ತಗಿದೆ, ಮೂರು ದಿನ ಹಾಗೇ ಇರುತ್ತದಂತೆ. ನನ್ನದು ಎರಡನೇ ದಿನಕ್ಕೆ ಒಣಗಲು ಶುರು. ಆದರೆ ಕೋಕೋ ರುಚಿ ಅವನದರಲ್ಲಿ ತೆಳು, ಎಸೆನ್ಸಿನ ವಾಸನೆ ಮುಂದೆ ಬರುತ್ತದೆ. ಅಂದೇ ಮಾಡಿ ಅಂದೇ ತಿನ್ನುವ ಕೇಕು ಮೂರು ದಿನ ಮೆತ್ತಗಿರಬೇಕಿಲ್ಲ. ವನಸ್ಪತಿಯ ಮಾತು ಈಗ ಅಷ್ಟಿಲ್ಲ. 2022ರ ಜನವರಿಯಿಂದ ಟ್ರಾನ್ಸ್ ಕೊಬ್ಬು ನೂರಕ್ಕೆ 2ರ ಒಳಗಿರಬೇಕೆಂಬ ನಿಯಮ ಬಂದಿದೆ. ಅದರ ಬದಲು ಡಬ್ಬಿಯ ವಿಪ್ಪಿಂಗ್ ಕ್ರೀಮು. ಕೋಕೋ ಪುಡಿ ಮೂಲೆ ಅಂಗಡಿಯಲ್ಲೂ ಸಿಗುತ್ತದೆ. ನನಗೆ ಹುಡುಕಾಟ ಹತ್ತಿದ್ದು ಕಡ್ಲೆಕಾಯಿ ಎಣ್ಣೆಗೆ. ಅಂಗಡಿ ತುಂಬ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟು. ಕೊನೆಗೆ ಮರದ ಗಾಣ ಇಟ್ಟುಕೊಂಡಿರುವವರ ಹತ್ತಿರ ಒಂದು ಲೀಟರ್ ತಂದೆ.

ಪಾಕ ಮಾಡಲು ನಿಂತಾಗ ಹುಡುಗರು ಸುತ್ತ ಸೇರಿದರು. ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು ತೊಟ್ಟು ಬಿಟ್ಟು ಉರುಳಿಸಿ ತೋರಿಸಿದೆ. ಅವರಿಗೆ ಅದು ಹೊಸದು. ಐಸಿಂಗು ಕೂರುವಾಗ ಪ್ರೀಮಿಕ್ಸಿನ ಹುಡುಗ ಕ್ರೀಮಿನ ಕೋನು ಹಿಡಿದುಕೊಂಡು ಬಂದ. "ಮೇಡಂ, ಹೆಸರು ಏನು ಬರೀಲಿ?" ಹೆಸರು ಬೇಡಪ್ಪ ಅಂದೆ. "ಮತ್ತೆ ಯಾರು ಕಟ್ ಮಾಡ್ತಾರೆ?" ಅಂದ. ಆರ್ಡರ್ ಪುಸ್ತಕದಲ್ಲಿ ಪ್ರತಿ ಕೇಕಿನ ಮುಂದೆ ಒಂದು ಹೆಸರು ಇರುತ್ತದೆ, ಅದಿಲ್ಲದೆ ಅವನ ಕೈಯಿಂದ ಕೇಕು ಹೊರಗೆ ಹೋಗಿದ್ದೇ ಇಲ್ಲ.

ಪಾವಗಡ ದಾಟಿ ತಿರುಮಣಿ ಕಡೆ ತಿರುಗಿದರೆ ರಸ್ತೆಯ ಎರಡೂ ಬದಿ ಸೋಲಾರ್ ಫಲಕ. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಕರೆಂಟು ಹುಟ್ಟುವ ಜಾಗ ಇದು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿಯಾಯಿತು. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಒಂದು ಕೇಕು ಬೇಯುವಷ್ಟು ಹೊತ್ತು ಕರೆಂಟ್ ಇರದಿದ್ದ ಊರು ಇದೇ. ನಾನು ಮಿಲ್ಲಿನಿಂದ ಎಣ್ಣೆ ತರುತ್ತಿದ್ದಾಗ ಕಡ್ಲೆಕಾಯಿ ಇದ್ದದ್ದೂ ಇದೇ ಹೊಲಗಳಲ್ಲಿ. ನನ್ನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದವನದೂ ನಾಲ್ಕು ಎಕರೆ ಫಲಕದ ಕೆಳಗಿದೆ. ಮಳೆ ನೋಡುವುದು ತಪ್ಪಿತು ಮಿಸ್ ಅಂದ. ಕಡ್ಲೆಕಾಯಿ ಈಗ ಅಂಗಡಿಯಲ್ಲಿ ಕೊಳ್ಳುತ್ತೇವೆ ಅಂತಲೂ ಅಂದ. ತಟ್ಟೆಗಳು ಹಿಂದಿನ ಸೀಟಿನಲ್ಲಿದ್ದವು, ನಾನು ಒಂದು ಕೈ ಅದರ ಮೇಲೆ ಇಟ್ಟುಕೊಂಡಿದ್ದೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಆ ಹಿಂದಿನ ಬೆಂಚಿನ ಹುಡುಗ ಬಂದಿದ್ದ. ಆ ಹೊತ್ತಿಗೆ ಅವನಿಗೆ 46 ವರ್ಷ, ಗಾರೆ ಕೆಲಸದ ಮೇಸ್ತ್ರಿ, ಬೆಂಗಳೂರಿನಲ್ಲಿ ಇದ್ದಾನೆ. ಅವನು ಎದ್ದು ನಿಂತು ಹೇಳಿದ ಮಾತು ಅವನಿಗೆ ನೆನಪಿರಲಿಲ್ಲ. ಗದರಿಸಿಕೊಂಡದ್ದು ನೆನಪಿತ್ತು. ನೀನು ಆವತ್ತು ಸರಿಯಾಗೇ ಹೇಳಿದ್ದೆ, ನಾನೇ ನಿನ್ನ ಪರ ಮಾತಾಡಬೇಕಿತ್ತು ಅಂದೆ. ಅವನು ಏನೂ ಹೇಳದೆ ಅಂಗಿ ಮಡಚಿಕೊಂಡು, ಕಾರಿನಿಂದ ತಟ್ಟೆ ಇಳಿಸಲು ಹೋದ.

ದಾರ ಅವನ ಕೈಗೇ ಕೊಟ್ಟೆ. ಒಂದು ತುದಿ ಅವನು, ಇನ್ನೊಂದು ತುದಿ ಅವನ ಮಗಳು. ಅವನು ಜೇಬಿನಿಂದ ಟೇಪು ತೆಗೆದು ಅಂಚಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಂಡ. ಏಳು ಗೆರೆ, ಐದು ಗೆರೆ, ಮೂರು ತಟ್ಟೆಗೂ. "ಮಿಸ್, ಸಮ ಇದೆಯಾ ನೋಡಿ," ಅಂದ. ಟೇಪು ತೆಗೆದುಕೊಂಡು ನೋಡಿದೆ. ಮೂರನೇ ತಟ್ಟೆಯ ಕೊನೆಯ ಸಾಲು ಕಾಲು ಇಂಚು ಕಡಿಮೆ ಬಂದಿತ್ತು. ಆ ಸಾಲನ್ನು ಮೇಷ್ಟ್ರುಗಳ ಕಡೆ ಕೊಡಿ ಅಂತ ಹೇಳಿ, ಅದರಲ್ಲೇ ಒಂದನ್ನು ನಾನು ತೆಗೆದುಕೊಂಡೆ.